ಬಂಧುತ್ವ ಮತ್ತು ವಂಶಪದ್ಧತಿ: ತುಳುನಾಡಿನ ಅಳಿಯಸಂತಾನದ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಮಾಜಶಾಸ್ತ್ರದ ತರಗತಿಯಲ್ಲಿ ಬಂಧುತ್ವದ ಪಾಠ ಬಂದಾಗ ಕರ್ನಾಟಕದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೇಘಾಲಯದ ಖಾಸಿಗಳ ಬಗ್ಗೆ ಮತ್ತು ಕೇರಳದ ನಾಯರ್ ತರವಾಡಿನ, ಅಂದರೆ ತಾಯಿಯ ಗೆರೆಯ ಅವಿಭಕ್ತ ಮನೆತನದ, ಬಗ್ಗೆ ವಿವರವಾಗಿ ಓದುತ್ತಾರೆ. ನಮ್ಮದೇ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ, ಹಾಗೂ ಈಗ ಕೇರಳಕ್ಕೆ ಸೇರಿರುವ ಕಾಸರಗೋಡಿನಲ್ಲಿ ಶತಮಾನಗಳ ಕಾಲ ನಡೆದುಬಂದ ಅಳಿಯಸಂತಾನ ಪದ್ಧತಿಗೆ ಮಾತ್ರ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ವಂಶಪದ್ಧತಿಯ ಮೂಲಭೂತ ಪ್ರಶ್ನೆಗಳೆಲ್ಲವನ್ನೂ ಈ ಒಂದು ಉದಾಹರಣೆಯ ಮೂಲಕವೇ ಅರ್ಥಮಾಡಿಕೊಳ್ಳಬಹುದು ಎಂಬ ನಂಬಿಕೆಯಿಂದ ಈ ಪ್ರಶ್ನೋತ್ತರಗಳನ್ನು ಸಿದ್ಧಪಡಿಸಲಾಗಿದೆ.

ಬಂಧುತ್ವ ಮತ್ತು ವಂಶ ಎರಡೂ ಒಂದೇ ಅಲ್ಲವೇ?

ಎರಡೂ ಒಂದೇ ಅಲ್ಲ. ಹುಟ್ಟಿನಿಂದ, ಮದುವೆಯಿಂದ ಅಥವಾ ದತ್ತು ಸ್ವೀಕಾರದಿಂದ ಒಬ್ಬ ವ್ಯಕ್ತಿಗೆ ಒದಗುವ ಎಲ್ಲ ಸಂಬಂಧಗಳನ್ನೂ ಸೇರಿಸಿ ಬಂಧುತ್ವ ಎನ್ನುತ್ತೇವೆ. ಈ ಅರ್ಥದಲ್ಲಿ ತಾಯಿಯ ಕಡೆಯವರು, ತಂದೆಯ ಕಡೆಯವರು, ಹೆಂಡತಿಯ ಅಥವಾ ಗಂಡನ ಕಡೆಯವರು ಎಲ್ಲರೂ ಬಂಧುಗಳೇ. ವಂಶ ಎಂಬುದು ಈ ದೊಡ್ಡ ಬಳಗದೊಳಗಿನಿಂದ ಒಂದು ಗೆರೆಯನ್ನು ಆರಿಸಿಕೊಂಡು, ಆ ಗೆರೆಯ ಮೇಲಿರುವವರನ್ನು ಮಾತ್ರ ಒಂದು ಗುಂಪಿನ ಸದಸ್ಯರೆಂದು ಪರಿಗಣಿಸುವ ನಿಯಮ. ಆಸ್ತಿ ಯಾರಿಗೆ, ಮನೆತನದ ದೇವರ ಅಥವಾ ದೈವದ ಸೇವೆ ಯಾರ ಹೊಣೆ, ಸೂತಕ ಯಾರಿಗೆ ತಗಲುತ್ತದೆ, ಯಾರನ್ನು ಮದುವೆಯಾಗಬಾರದು ಎಂಬ ಪ್ರಶ್ನೆಗಳಿಗೆ ಉತ್ತರ ಕೊಡುವುದು ಬಹುಮಟ್ಟಿಗೆ ಈ ನಿಯಮ. ಪಿತೃವಂಶೀಯ ಪದ್ಧತಿಯಲ್ಲಿ ಹುಟ್ಟಿದ ಮಗುವಿಗೂ ತಾಯಿಯ ತಂದೆ ಅಜ್ಜನೇ, ಪ್ರೀತಿಯ ಬಂಧುವೇ. ಆದರೆ ಆ ಅಜ್ಜನ ವಂಶಕ್ಕೆ ಮಗು ಸೇರುವುದಿಲ್ಲ. ಪ್ರೀತಿ ಮತ್ತು ರಕ್ತಸಂಬಂಧದ ಆಳವನ್ನು ವಂಶದ ನಿಯಮ ಅಳೆಯುವುದಿಲ್ಲ ಎಂಬುದನ್ನು ಆರಂಭದಲ್ಲಿಯೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನ ಅನೇಕ ಗೊಂದಲಗಳು ಹುಟ್ಟುವುದಿಲ್ಲ.

ವಂಶವನ್ನು ಎಣಿಸುವ ಬಗೆಗಳು ಯಾವುವು?

ತಂದೆಯಿಂದ ಮಗನಿಗೆ ಸಾಗುವ ಗೆರೆಯನ್ನು ಅನುಸರಿಸುವುದು ಪಿತೃವಂಶೀಯ ಪದ್ಧತಿ. ತಾಯಿಯಿಂದ ಮಗಳಿಗೆ ಸಾಗುವ ಗೆರೆಯನ್ನು ಅನುಸರಿಸುವುದು ಮಾತೃವಂಶೀಯ ಪದ್ಧತಿ. ಎರಡರಲ್ಲಿಯೂ ಗಂಡು, ಹೆಣ್ಣು ಮಕ್ಕಳಿಬ್ಬರೂ ಸದಸ್ಯರೇ ಆಗಿರುತ್ತಾರೆ. ಸದಸ್ಯತ್ವವನ್ನು ಮುಂದಿನ ಪೀಳಿಗೆಗೆ ದಾಟಿಸುವವರು ಯಾರು ಎಂಬುದರಲ್ಲಿ ಮಾತ್ರ ವ್ಯತ್ಯಾಸವಿದೆ. ನೈಜೀರಿಯದ ಯಾಕೋ ಎಂಬ ಜನಾಂಗದಲ್ಲಿ ಎರಡೂ ಗೆರೆಗಳು ಬೇರೆ ಬೇರೆ ಉದ್ದೇಶಗಳಿಗೆ ಏಕಕಾಲದಲ್ಲಿ ಜಾರಿಯಲ್ಲಿದ್ದವು. ನಮ್ಮ ನೆರೆಯ ನೀಲಗಿರಿಯ ತೋಡರಲ್ಲಿಯೂ ಇಂತಹ ಇಬ್ಬಗೆಯ ವಂಶವಿದೆ. ಬೋರ್ನಿಯೊದ ಇಬಾನ್ ಜನರಲ್ಲಿ, ಮತ್ತು ಬಹುಮಟ್ಟಿಗೆ ಇಂದಿನ ಪಾಶ್ಚಾತ್ಯ ಸಮಾಜಗಳಲ್ಲಿ, ಎರಡೂ ಕಡೆಯ ಬಂಧುಗಳನ್ನು ಸಮಾನವಾಗಿ ಎಣಿಸಲಾಗುತ್ತದೆ. ಅಲ್ಲಿ ಖಚಿತವಾದ ವಂಶದ ಗುಂಪೇ ಏರ್ಪಡುವುದಿಲ್ಲ, ಏಕೆಂದರೆ ಪ್ರತಿಯೊಬ್ಬ ವ್ಯಕ್ತಿಯ ಬಳಗವೂ ಬೇರೆಯಾಗಿರುತ್ತದೆ.

ಅಳಿಯಸಂತಾನ ಎಂದರೇನು? ಯಾವ ಸಮುದಾಯಗಳಲ್ಲಿ ಇತ್ತು?

ಅಳಿಯಸಂತಾನವು ಮಾತೃವಂಶೀಯ ಪದ್ಧತಿ. ಇಲ್ಲಿ ಅಳಿಯ ಎಂದರೆ ಮಗಳ ಗಂಡನಲ್ಲ, ಸೋದರಿಯ ಮಗ. ಗಂಡಸಿನ ಸ್ಥಾನಮಾನವೂ ಅವನು ನೋಡಿಕೊಳ್ಳುತ್ತಿದ್ದ ಕುಟುಂಬದ ಆಸ್ತಿಯೂ ಅವನ ಮಕ್ಕಳಿಗೆ ಹೋಗದೆ ಅವನ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತಿದ್ದವು. ತುಳುನಾಡಿನ ಜನ ಇದನ್ನು ಅಳಿಯಕಟ್ಟು ಎಂದೂ ಕರೆಯುತ್ತಾರೆ. ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ಪದ್ಧತಿಗೆ ಮಕ್ಕಳಕಟ್ಟು ಎನ್ನುತ್ತಾರೆ. ಬಂಟರು, ಬಿಲ್ಲವರು, ಮೊಗವೀರರು, ದೇವಾಡಿಗರು, ತುಳುನಾಡಿನ ಜೈನರು ಮೊದಲಾದವರಲ್ಲಿ ಅಳಿಯಕಟ್ಟು ರೂಢಿಯಲ್ಲಿತ್ತು. ಅದೇ ಊರಿನ ಬ್ರಾಹ್ಮಣರು ಮತ್ತು ಗೌಡ ಸಾರಸ್ವತರು ಮಕ್ಕಳಕಟ್ಟನ್ನು ಅನುಸರಿಸುತ್ತಿದ್ದರು. ಒಂದೇ ಊರಿನಲ್ಲಿ, ಒಂದೇ ಭಾಷೆಯನ್ನು ಆಡುತ್ತ, ಒಂದೇ ಗದ್ದೆಯ ಬಯಲಿನಲ್ಲಿ ಬದುಕುತ್ತಿದ್ದ ಜನರಲ್ಲಿ ಎರಡು ಬಗೆಯ ವಂಶಪದ್ಧತಿಗಳು ಅಕ್ಕಪಕ್ಕದಲ್ಲಿ ಇದ್ದುದನ್ನು ನೋಡಿದರೆ, ಭೂಗೋಳ ಅಥವಾ ಬೆಳೆಯ ಸ್ವರೂಪ ತಾನಾಗಿಯೇ ವಂಶಪದ್ಧತಿಯನ್ನು ನಿರ್ಧರಿಸುತ್ತದೆ ಎಂಬ ಸುಲಭದ ವಿವರಣೆಯನ್ನು ಒಪ್ಪುವುದು ಕಷ್ಟವಾಗುತ್ತದೆ.

ಮತವೂ ಇದನ್ನು ನಿರ್ಧರಿಸುವುದಿಲ್ಲ. ತುಳುನಾಡಿನ ಜೈನರು ಮಾತೃವಂಶೀಯರಾಗಿದ್ದರು, ಲಕ್ಷದ್ವೀಪದ ಮುಸ್ಲಿಮರಲ್ಲಿ ಮಾತೃವಂಶೀಯ ಪದ್ಧತಿ ಇದೆ, ಖಾಸಿಗಳಲ್ಲಿ ಬಹಳಷ್ಟು ಮಂದಿ ಕ್ರೈಸ್ತರಾದ ಮೇಲೂ ತಾಯಿಯ ಕುಲವನ್ನೇ ಉಳಿಸಿಕೊಂಡಿದ್ದಾರೆ.

ಹಾಗಾದರೆ ಅದು ಹೆಂಗಸರ ಆಳ್ವಿಕೆಯೇ?

ಈ ವಿಷಯದಲ್ಲಿ ಅತಿ ಹೆಚ್ಚು ಕಂಡುಬರುವ ತಪ್ಪು ತಿಳಿವಳಿಕೆ ಇದು. ಮಾತೃವಂಶೀಯ ಎಂದರೆ ವಂಶ ತಾಯಿಯ ಮೂಲಕ ಸಾಗುತ್ತದೆ ಎಂದಷ್ಟೇ ಅರ್ಥ. ಮಾತೃಪ್ರಧಾನ ಎಂದರೆ ಅಧಿಕಾರ ಹೆಂಗಸರ ಕೈಯಲ್ಲಿದೆ ಎಂದು ಅರ್ಥ. ಮೊದಲನೆಯದು ಇದ್ದಲ್ಲೆಲ್ಲ ಎರಡನೆಯದು ಇರಬೇಕೆಂದಿಲ್ಲ, ಮತ್ತು ಬಹುತೇಕ ಕಡೆ ಇರಲಿಲ್ಲ. ಅಳಿಯಸಂತಾನದ ಕುಟುಂಬದಲ್ಲಿ ಬೇಸಾಯ, ಗೇಣಿ, ಕೋರ್ಟು ವ್ಯವಹಾರ, ದೈವದ ಕಾರ್ಯ ಇವುಗಳ ಆಡಳಿತವನ್ನು ಸಾಮಾನ್ಯವಾಗಿ ಯಜಮಾನ ನಡೆಸುತ್ತಿದ್ದ. ಅವನು ಆ ಮನೆಯ ಹೆಂಗಸರ ಅಣ್ಣನೋ ತಮ್ಮನೋ ಸೋದರಮಾವನೋ ಆಗಿರುತ್ತಿದ್ದ.

ಹಾಗೆಂದು ಹೆಂಗಸಿನ ಸ್ಥಾನ ಹೆಸರಿಗಷ್ಟೇ ಇತ್ತು ಎನ್ನುವುದೂ ಅನ್ಯಾಯವಾಗುತ್ತದೆ. ಕುಟುಂಬದ ಹಿರಿಯ ಸದಸ್ಯೆ ಯಜಮಾನ್ತಿಯಾಗಿ ಆಡಳಿತ ನಡೆಸಲು ಅಳಿಯಸಂತಾನದ ನಿಯಮದಲ್ಲಿ ಅವಕಾಶವಿತ್ತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟ ಅರಸು ಮನೆತನದವಳು; ಆ ಮನೆತನದ ಅಳಿಯಸಂತಾನ ಕ್ರಮದಂತೆ ಸೋದರಮಾವನಾದ ತಿರುಮಲರಾಯನಿಂದ ಅವಳಿಗೆ ಪಟ್ಟ ಬಂದಿತೆಂದು ಪರಂಪರೆ ಹೇಳುತ್ತದೆ. ಇದಕ್ಕಿಂತಲೂ ದೊಡ್ಡ ಸಂಗತಿಯೆಂದರೆ, ಸಾಮಾನ್ಯ ಹೆಂಗಸಿಗೆ ತಾನು ಹುಟ್ಟಿದ ಮನೆಯಲ್ಲಿ ಜೀವನಪರ್ಯಂತ ಇದ್ದ ಹಕ್ಕು. ಗಂಡ ತೀರಿಕೊಂಡರೆ ಅಥವಾ ಮದುವೆ ಮುರಿದುಬಿದ್ದರೆ ಅವಳು ಮರಳಿ ಬರುತ್ತಿದ್ದುದು ತನ್ನದೇ ಮನೆಗೆ; ಯಾರ ದಯೆಯನ್ನೂ ಬೇಡಬೇಕಾಗಿರಲಿಲ್ಲ. ಹೆಣ್ಣುಮಗು ಹುಟ್ಟಿದರೆ ಕುಟುಂಬ ಮುಂದುವರಿಯಿತೆಂದು ಸಂತೋಷಪಡುವ ಕಾರಣವೂ ಪದ್ಧತಿಯೊಳಗೇ ಇತ್ತು. ಅಧಿಕಾರವಿಲ್ಲದಿದ್ದರೂ ಭದ್ರತೆ ಇರಬಹುದು, ಮತ್ತು ಆ ಭದ್ರತೆಗೆ ಬಹಳ ಬೆಲೆಯಿದೆ ಎಂಬುದನ್ನು ಈ ಪದ್ಧತಿಯ ಅಧ್ಯಯನ ಮಾಡುವವರು ಮರೆಯಬಾರದು.

ಬಳಿ, ಕುಟುಂಬ, ಕವರು ಎಂಬ ಪದಗಳಿಗೆ ಏನು ಅರ್ಥ?

ಬಳಿ ಅತ್ಯಂತ ವಿಸ್ತಾರವಾದದ್ದು. ತುಳುವಿನಲ್ಲಿ ಅದನ್ನು ಬರಿ ಎನ್ನುತ್ತಾರೆ. ಅದು ತಾಯಿಯಿಂದ ಬರುವ ಕುಲನಾಮ; ಒಂದೇ ಬಳಿಯವರು ಪರಸ್ಪರ ಪರಿಚಯವೇ ಇಲ್ಲದ ದೂರದ ಊರುಗಳವರಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದೇ ಭಾವಿಸಬೇಕು, ಅವರೊಳಗೆ ಮದುವೆ ಕೂಡದು. ಬಂಗೇರ, ಸಾಲಿಯಾನ್, ಕರ್ಕೇರ ಮೊದಲಾದ ಬಳಿಯ ಹೆಸರುಗಳು ಬಿಲ್ಲವರು, ಮೊಗವೀರರು ಇಬ್ಬರಲ್ಲಿಯೂ ಸಿಗುತ್ತವೆ.

ಕುಟುಂಬ ಎಂದರೆ ಇಲ್ಲಿ ಇಂದಿನ ಗಂಡ, ಹೆಂಡತಿ, ಮಕ್ಕಳ ಸಂಸಾರವಲ್ಲ. ಒಬ್ಬಳು ಮೂಲಸ್ತ್ರೀಯಿಂದ ಹೆಣ್ಣಿನ ಗೆರೆಯಲ್ಲಿ ಇಳಿದುಬಂದ, ಅವಿಭಕ್ತ ಆಸ್ತಿಯುಳ್ಳ ಎಲ್ಲರೂ ಸೇರಿ ಒಂದು ಕುಟುಂಬ. ಗುತ್ತು, ಬೀಡು ಎಂದು ಕರೆಯುವ ದೊಡ್ಡ ಮನೆಗಳು ಇಂತಹ ಕುಟುಂಬಗಳ ನೆಲೆಗಳಾಗಿದ್ದವು. ಕುಟುಂಬದೊಳಗೆ ಒಬ್ಬ ಹೆಂಗಸು, ಅವಳ ಮಕ್ಕಳು ಮತ್ತು ಹೆಣ್ಣಿನ ಗೆರೆಯಲ್ಲಿ ಅವಳಿಂದ ಮುಂದುವರಿದವರು ಸೇರಿ ಒಂದು ಕವರು. ಗಂಡಸಿಗೆ ಸ್ವಂತ ಕವರು ಇಲ್ಲ. ಅವನು ತನ್ನ ತಾಯಿಯ ಕವರಿಗೆ ಸೇರಿದವನು.

ಮದುವೆಯಾದ ಹೆಣ್ಣು ಎಲ್ಲಿ ವಾಸಿಸುತ್ತಿದ್ದಳು? ತಂದೆಗೆ ಏನೂ ಬೆಲೆಯಿರಲಿಲ್ಲವೇ?

ಸಾಮಾನ್ಯವಾಗಿ ಅವಳು ಗಂಡನ ಜೊತೆಯಲ್ಲಿ ವಾಸಿಸುತ್ತಿದ್ದಳು. ಆದರೆ ಅವಳ ಮತ್ತು ಅವಳ ಮಕ್ಕಳ ಹಕ್ಕು ತಾಯಿಯ ಕುಟುಂಬದ ಮನೆಯಲ್ಲಿ ಉಳಿಯುತ್ತಿತ್ತು. ಆದ್ದರಿಂದ ಮಕ್ಕಳು ಒಂದು ಮನೆಯಲ್ಲಿ ಬೆಳೆದು ಇನ್ನೊಂದು ಮನೆಯ ವಾರಸುದಾರರಾಗುತ್ತಿದ್ದರು. ವಂಶದ ನಿಯಮ ಬೇರೆ, ವಾಸದ ನಿಯಮ ಬೇರೆ ಎಂದು ಸಮಾಜಶಾಸ್ತ್ರ ಒತ್ತಿ ಹೇಳುವುದು ಇದೇ ಕಾರಣಕ್ಕೆ.

ತಂದೆ ಮಕ್ಕಳನ್ನು ಸಾಕುತ್ತಿದ್ದ, ಮುದ್ದಿಸುತ್ತಿದ್ದ, ತನ್ನ ಸ್ವಯಾರ್ಜಿತದಿಂದ ಅವರಿಗೆ ಕೊಡಲು ಪ್ರಯತ್ನಿಸುತ್ತಿದ್ದ. ಅದೇ ಹೊತ್ತಿಗೆ ಕುಟುಂಬದ ಹೊಣೆ ಹೊತ್ತ ಸೋದರಮಾವನಾಗಿ ಅಳಿಯಂದಿರ ಮೇಲೆ ಅಧಿಕಾರ ನಡೆಸಬೇಕಾಗಿತ್ತು. ತುಳುವಿನ ತಮ್ಮಲೆ, ಅಂದರೆ ಸೋದರಮಾವ, ಗೌರವ ಮತ್ತು ಅಂಜಿಕೆ ಎರಡಕ್ಕೂ ಪಾತ್ರನಾಗಿದ್ದುದು ಇದರಿಂದಲೇ. ಸ್ವಂತ ಮಕ್ಕಳ ಮೇಲಿನ ಒಲವು ಮತ್ತು ಅಳಿಯಂದಿರ ಮೇಲಿನ ಕರ್ತವ್ಯ ಇವುಗಳ ನಡುವೆ ಗಂಡಸು ಎದುರಿಸುವ ಈ ಸೆಳೆತವನ್ನು, ಹಾಗೆಯೇ ಹೆಂಗಸಿನ ಮೇಲೆ ಅಣ್ಣನಿಗೂ ಗಂಡನಿಗೂ ಇರುವ ಪೈಪೋಟಿಯ ಹಕ್ಕನ್ನು, ಆಫ್ರಿಕದ ಮಾತೃವಂಶೀಯ ಸಮಾಜಗಳನ್ನು ಅಧ್ಯಯನ ಮಾಡಿದ ಆಡ್ರಿ ರಿಚರ್ಡ್ಸ್ 1950ರಲ್ಲಿ ಮಾತೃವಂಶೀಯ ಒಗಟು ಎಂದು ಕರೆದರು. ಪ್ರತಿಯೊಂದು ಮಾತೃವಂಶೀಯ ಸಮಾಜವೂ ಈ ಒಗಟಿಗೆ ತನ್ನದೇ ಉತ್ತರವನ್ನು ಕಂಡುಕೊಂಡಿದೆ. ಹಿಂದಿನ ಕಾಲದ ನಾಯರ್ ಕುಟುಂಬಗಳಲ್ಲಿ ಗಂಡನು ತನ್ನ ತಾಯಿಯ ಮನೆಯಲ್ಲಿಯೇ ವಾಸವಿದ್ದು ಹೆಂಡತಿಯ ಮನೆಗೆ ರಾತ್ರಿ ಬಂದುಹೋಗುತ್ತಿದ್ದ. ತುಳುನಾಡಿನಲ್ಲಿ ಹೆಂಡತಿ ಗಂಡನ ಜೊತೆ ಬಾಳಿ, ಹಕ್ಕನ್ನು ಮಾತ್ರ ಹುಟ್ಟಿದ ಮನೆಯಲ್ಲಿ ಇಟ್ಟುಕೊಂಡಳು.

ಕನ್ನಡದಲ್ಲಿ ಸೋದರಮಾವನೂ ಮಾವ, ಹೆಂಡತಿಯ ತಂದೆಯೂ ಮಾವ. ಇದಕ್ಕೂ ವಂಶಪದ್ಧತಿಗೂ ಸಂಬಂಧವಿದೆಯೇ?

ಸಂಬಂಧವಿದೆ, ಆದರೆ ನೇರವಾಗಿ ಅಲ್ಲ. ದ್ರಾವಿಡ ಭಾಷೆಗಳ ಬಂಧುವಾಚಕಗಳು ಬಂಧುಗಳನ್ನು ಎರಡು ದೊಡ್ಡ ಪಂಗಡಗಳಾಗಿ ವಿಂಗಡಿಸುತ್ತವೆ. ತಂದೆಯ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪಂದಿರು. ತಾಯಿಯ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮಂದಿರು. ಇವರೆಲ್ಲ ತಂದೆತಾಯಿಯರ ಸಮಾನರಾದ್ದರಿಂದ ಇವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿಯರೇ. ತಂದೆಯ ಸೋದರಿ ಅತ್ತೆ, ತಾಯಿಯ ಸೋದರ ಮಾವ. ಇವರ ಮಕ್ಕಳು ಮದುವೆಗೆ ಒಪ್ಪುವ ಬಂಧುಗಳು. ಅತ್ತೆಯ ಅಥವಾ ಮಾವನ ಮಗಳನ್ನು ಮದುವೆಯಾಗುವ ರೂಢಿ ಇದ್ದಲ್ಲಿ, ಮೊದಲಿನಿಂದ ಅತ್ತೆ, ಮಾವ ಎಂದು ಕರೆದವರೇ ಮದುವೆಯ ನಂತರವೂ ಅತ್ತೆ, ಮಾವ ಆಗುತ್ತಾರೆ; ಹೊಸ ಹೆಸರಿನ ಅಗತ್ಯ ಬೀಳುವುದಿಲ್ಲ.

ಅಮೆರಿಕದ ಮಾನವಶಾಸ್ತ್ರಜ್ಞ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಕಟಿಸಿದ ತಮ್ಮ ಬೃಹತ್ ಸಂಗ್ರಹದಲ್ಲಿ ತಮಿಳು, ತೆಲುಗು, ಕನ್ನಡಗಳ ಬಂಧುವಾಚಕಗಳನ್ನು ಸೇರಿಸಿಕೊಂಡು, ಅವು ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರಾಕ್ವಾಯ್ ಜನರ ವಾಚಕಗಳನ್ನು ಬಹಳ ಹೋಲುತ್ತವೆ ಎಂದು ಬೆರಗುಪಟ್ಟರು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರಲ್ಲಿ ಭಾರತವನ್ನು ಬಂಧುತ್ವದ ದೃಷ್ಟಿಯಿಂದ ನಾಲ್ಕು ವಲಯಗಳಾಗಿ ವಿಂಗಡಿಸಿ, ಉತ್ತರದಲ್ಲಿ ಮದುವೆ ಎಂಬುದು ಹೆಣ್ಣನ್ನು ಅಪರಿಚಿತರ ಮನೆಗೆ ಕಳುಹಿಸುವ ಕ್ರಿಯೆಯಾದರೆ ದಕ್ಷಿಣದಲ್ಲಿ ಅದು ಇರುವ ನಂಟನ್ನೇ ಮತ್ತೆ ಗಟ್ಟಿಮಾಡುವ ಕ್ರಿಯೆ ಎಂದು ತೋರಿಸಿದರು. ಫ್ರೆಂಚ್ ಮಾನವಶಾಸ್ತ್ರಜ್ಞ ಲೂಯಿ ದುಮೋ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಕ್ಷಿಣ ಭಾರತದಲ್ಲಿ ಆಸ್ತಿಯಂತೆ ಬೀಗತನವೂ ಪೀಳಿಗೆಯಿಂದ ಪೀಳಿಗೆಗೆ ದಾಟಿಬರುತ್ತದೆ ಎಂದು ವಾದಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಪಿತೃವಂಶೀಯರಾದ ಮೈಸೂರು ಕಡೆಯ ಒಕ್ಕಲಿಗರಲ್ಲಿಯೂ ಮಾತೃವಂಶೀಯರಾದ ಬಂಟರಲ್ಲಿಯೂ ಬಂಧುವಾಚಕಗಳ ಚೌಕಟ್ಟು ಮೂಲತಃ ಒಂದೇ ಬಗೆಯದು. ವಂಶದ ನಿಯಮ ತಿರುಗಿ ನಿಂತರೂ ಬಂಧುವಾಚಕಗಳ ಚೌಕಟ್ಟು ಕದಲಿಲ್ಲ.

ಮೈಸೂರು ಕಡೆ ಅಕ್ಕನ ಮಗಳನ್ನು ಮದುವೆಯಾಗುತ್ತಾರೆ. ಅಳಿಯಸಂತಾನದವರಲ್ಲಿ ಅದು ನಿಷಿದ್ಧ. ಈ ವ್ಯತ್ಯಾಸ ಏಕೆ?

ವಂಶದ ನಿಯಮವು ಮದುವೆಯ ನಿಯಮವನ್ನು ಹೇಗೆ ರೂಪಿಸುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು. ಪಿತೃವಂಶೀಯ ಪದ್ಧತಿಯಲ್ಲಿ ಅಕ್ಕನ ಮಕ್ಕಳು ಅವಳ ಗಂಡನ ಗೋತ್ರಕ್ಕೆ ಅಥವಾ ಬೆಡಗಿಗೆ ಸೇರುತ್ತಾರೆ. ಹೀಗಾಗಿ ಅಕ್ಕನ ಮಗಳು ಸೋದರಮಾವನ ಕುಲದ ಹೊರಗಿನವಳು, ಮದುವೆಗೆ ಕುಲದ ಅಡ್ಡಿಯಿಲ್ಲ. ಮಾತೃವಂಶೀಯ ಪದ್ಧತಿಯಲ್ಲಿ ಅಕ್ಕ, ಅವಳ ಮಗಳು ಮತ್ತು ಸೋದರಮಾವ ಮೂವರೂ ಒಂದೇ ಬಳಿಯವರು. ಆ ಹುಡುಗಿ ಅವನ ಕುಟುಂಬವನ್ನು ಮುಂದುವರಿಸಬೇಕಾದವಳು. ಅವಳನ್ನು ಮದುವೆಯಾಗುವುದೆಂದರೆ ಕುಲದೊಳಗೇ ಮದುವೆಯಾದಂತೆ.

ಈಗ ಅತ್ತೆಯ ಮಗಳನ್ನೂ ಸೋದರಮಾವನ ಮಗಳನ್ನೂ ಇದೇ ಬಗೆಯಲ್ಲಿ ಪರೀಕ್ಷಿಸಿ ನೋಡಿ. ಅಳಿಯಸಂತಾನದಲ್ಲಿ ಸೋದರಮಾವ ನನ್ನದೇ ಬಳಿಯವನು. ಅವನು ಬೇರೆ ಬಳಿಯ ಹೆಣ್ಣನ್ನೇ ಮದುವೆಯಾಗಿರಬೇಕು, ಅವನ ಮಗಳು ತನ್ನ ತಾಯಿಯ ಬಳಿಗೆ ಸೇರುತ್ತಾಳೆ, ಆದ್ದರಿಂದ ಅವಳು ಯಾವಾಗಲೂ ನನ್ನ ಬಳಿಯ ಹೊರಗಿನವಳು. ಅತ್ತೆಯ ಮಗಳು ನನ್ನ ತಂದೆಯ ಬಳಿಯವಳು. ನನ್ನ ತಂದೆತಾಯಿಯರ ಬಳಿಗಳು ಬೇರೆ ಬೇರೆಯಾಗಿದ್ದುದರಿಂದಲೇ ಅವರ ಮದುವೆ ನಡೆದದ್ದು, ನಾನು ತಾಯಿಯ ಬಳಿಯವನು, ಆದ್ದರಿಂದ ಅವಳೂ ಹೊರಗಿನವಳು. ಪಿತೃವಂಶೀಯ ಪದ್ಧತಿಯಲ್ಲಿ ಇದೇ ಲೆಕ್ಕವನ್ನು ತಿರುವಿ ಹಾಕಿದರೂ ಇದೇ ಉತ್ತರ ಬರುತ್ತದೆ. ಅಂದರೆ ಸೋದರಿಕೆಯ ಈ ಎರಡು ಮದುವೆಗಳು ಯಾವ ವಂಶದ ನಿಯಮಕ್ಕೂ ಅಡ್ಡಬರುವುದಿಲ್ಲ. ಅಕ್ಕನ ಮಗಳ ಮದುವೆ ಪಿತೃವಂಶೀಯ ನಿಯಮದಲ್ಲಿ ಮಾತ್ರ ಸಾಧ್ಯ. ದಕ್ಷಿಣ ಭಾರತದಲ್ಲಿ ಸೋದರಿಕೆಯ ಮದುವೆ ಅಷ್ಟು ವ್ಯಾಪಕವಾಗಿಯೂ ಸೋದರಮಾವನ ಮದುವೆ ಕೆಲವೆಡೆ ಮಾತ್ರವೂ ಕಾಣಿಸಿಕೊಳ್ಳುವುದರ ಹಿಂದಿನ ಒಂದು ಮುಖ್ಯ ಕಾರಣ ಇಲ್ಲಿದೆ.

ಆದರೆ ಕುಲದ ಹೊರಗಿರುವುದೊಂದೇ ಮದುವೆಗೆ ಸಾಕಾಗುವುದಿಲ್ಲ. ಅಳಿಯಸಂತಾನದಲ್ಲಿ ಚಿಕ್ಕಪ್ಪನ ಮಗಳ ಬಳಿ ಸಾಮಾನ್ಯವಾಗಿ ನನ್ನ ಬಳಿಗಿಂತ ಬೇರೆಯೇ ಆಗಿರುತ್ತದೆ. ಆದರೂ ಬಂಧುವಾಚಕದ ಪ್ರಕಾರ ಅವಳು ತಂಗಿ, ಆದ್ದರಿಂದ ವರ್ಜ್ಯ. ತಂದೆ ಮತ್ತು ಮಗಳು ಬೇರೆ ಬಳಿಯವರಾದರೂ ಅವರ ನಡುವಿನ ನಿಷೇಧ ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು. ಕುಲದ ಹೊರಗೆ ಮದುವೆಯಾಗಬೇಕೆಂಬ ನಿಯಮ ಒಂದು, ನಿಕಟ ಬಂಧುಗಳ ಸಂಗಮದ ನಿಷೇಧ ಇನ್ನೊಂದು. ಎರಡನ್ನೂ ಒಂದೇ ಎಂದು ಬರೆಯುವ ಉತ್ತರಪತ್ರಿಕೆಗಳು ಬಹಳ.

ಕಾನೂನು ಮತ್ತು ವೈದ್ಯಕೀಯ ದೃಷ್ಟಿಯಿಂದ ಇಂತಹ ಮದುವೆಗಳ ಸ್ಥಿತಿ ಏನು?

1955ರ ಹಿಂದೂ ವಿವಾಹ ಕಾಯಿದೆ ಸೋದರಮಾವ ಮತ್ತು ಸೋದರ ಸೊಸೆಯ ಮದುವೆಯನ್ನೂ ಅಣ್ಣತಂಗಿಯರ ಮಕ್ಕಳ ನಡುವಿನ ಮದುವೆಯನ್ನೂ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲಿ ಇರಿಸಿದೆ. ಆದರೆ ಇಬ್ಬರ ಸಮುದಾಯದ ರೂಢಿಯೂ ಅನುಮತಿಸಿದರೆ ಮದುವೆ ಸಿಂಧುವಾಗುತ್ತದೆ. ಕರ್ನಾಟಕದಲ್ಲಿ ರಕ್ತಸಂಬಂಧದ ಮದುವೆಗಳ ಪ್ರಮಾಣ ಇಂದಿಗೂ ಸುಮಾರು ಕಾಲು ಭಾಗದಷ್ಟಿದೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸುತ್ತವೆ. ತಳಿಶಾಸ್ತ್ರಕ್ಕೆ ಗೋತ್ರವೂ ಬಳಿಯೂ ಕಾಣಿಸುವುದಿಲ್ಲ. ಸೋದರಿಕೆಯ ಮದುವೆಯಿಂದ ಹುಟ್ಟುವ ಮಗುವಿನಲ್ಲಿ ಒಂದು ಜೀನಿನ ಎರಡೂ ಪ್ರತಿಗಳು ಒಬ್ಬ ಪೂರ್ವಜನಿಂದಲೇ ಬಂದಿರುವ ಸಂಭವ 16ರಲ್ಲಿ 1, ಸೋದರಮಾವನ ಮದುವೆಯಲ್ಲಿ ಅದು 8ರಲ್ಲಿ 1. ಕುಲ ಬೇರೆ ಎಂಬ ಸಮಾಧಾನದಿಂದ ಈ ಲೆಕ್ಕ ಬದಲಾಗುವುದಿಲ್ಲವಾದ್ದರಿಂದ, ಅಂತಹ ಮದುವೆಯನ್ನು ಯೋಚಿಸುತ್ತಿರುವವರು ವೈದ್ಯರ ಸಲಹೆಯನ್ನು ಪಡೆಯುವುದು ಅಗತ್ಯ.

ಭೂತಾಳ ಪಾಂಡ್ಯನ ಕಥೆ ಇತಿಹಾಸವೇ?

ಅಳಿಯಸಂತಾನ ಹೇಗೆ ಹುಟ್ಟಿತೆಂದು ತುಳುನಾಡಿನಲ್ಲಿ ಹೇಳುವ ಕಥೆ ಹೀಗಿದೆ. ದೇವಪಾಂಡ್ಯನೆಂಬವನು ತಾನು ಹೊಸದಾಗಿ ಕಟ್ಟಿಸಿದ ಹಡಗುಗಳನ್ನು ನೀರಿಗಿಳಿಸಲು ಹೊರಟಾಗ ಕುಂಡೋದರನೆಂಬ ಭೂತರಾಜನು ನರಬಲಿಯನ್ನು ಕೇಳಿದನು. ಹೆಂಡತಿ ತನ್ನ ಮಕ್ಕಳನ್ನು ಕೊಡಲು ನಿರಾಕರಿಸಿದಳು. ಸೋದರಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಹುಡುಗನಲ್ಲಿ ಮಹಾಪುರುಷನ ಲಕ್ಷಣಗಳನ್ನು ಕಂಡ ಕುಂಡೋದರನು ಬಲಿಯನ್ನು ಬಿಟ್ಟು, ಅವನಿಗೆ ಭೂತಾಳ ಪಾಂಡ್ಯನೆಂದು ಹೆಸರಿಟ್ಟು, ಮುಂದೆ ಮಾವನ ಐಶ್ವರ್ಯ ಮತ್ತು ರಾಜ್ಯ ಮಕ್ಕಳಿಗೆ ಹೋಗದೆ ಅವನಿಗೇ ಸೇರುವಂತೆ ಮಾಡಿದನು. ತನ್ನ ಪ್ರಜೆಗಳೂ ಇದೇ ಕ್ರಮವನ್ನು ಅನುಸರಿಸಬೇಕೆಂದು ಭೂತಾಳ ಪಾಂಡ್ಯ ಕಟ್ಟಳೆ ಮಾಡಿದನೆಂದು ಹೇಳುತ್ತ, ಪರಂಪರೆ ಇದನ್ನು ಕ್ರಿ.ಶ. 77ರ ಸುಮಾರಿಗೆ ಇರಿಸುತ್ತದೆ.

ವಿದ್ವಾಂಸರು ಇದನ್ನು ಚಾರಿತ್ರಿಕ ಘಟನೆಯೆಂದು ಒಪ್ಪುವುದಿಲ್ಲ. ಒಬ್ಬ ಅರಸನ ಆಜ್ಞೆಯಿಂದ ಇಡೀ ಸೀಮೆಯ ವಂಶಪದ್ಧತಿ ಬದಲಾಗುವುದು ನಂಬಲು ಕಷ್ಟದ ಮಾತು. ಆದರೆ ಐತಿಹ್ಯವಾಗಿ ಅದರ ಬೆಲೆ ದೊಡ್ಡದು. ಸಮುದಾಯವು ತನ್ನ ನಿಯಮಕ್ಕೆ ತಾನೇ ಕೊಟ್ಟುಕೊಂಡ ಸಮರ್ಥನೆ ಅದರಲ್ಲಿದೆ: ಆಪತ್ಕಾಲದಲ್ಲಿ ನೆರವಿಗೆ ಬಂದವಳು ಒಡಹುಟ್ಟಿದವಳು, ಆದ್ದರಿಂದ ಹಕ್ಕು ಅವಳ ಸಂತಾನಕ್ಕೆ. ದಾಂಪತ್ಯದ ನಂಟಿಗಿಂತ ಒಡಹುಟ್ಟಿದವರ ನಂಟು ಮಿಗಿಲು ಎಂಬ ಮಾತೃವಂಶೀಯ ಪದ್ಧತಿಯ ತಿರುಳನ್ನೇ ಕಥೆ ಹೇಳುತ್ತಿದೆ. ದೈವಾರಾಧನೆಯ ನಾಡಿನಲ್ಲಿ ಆ ಕಟ್ಟಳೆಗೆ ಭೂತರಾಜನೇ ಸಾಕ್ಷಿಯಾಗಿರುವುದೂ ಸಹಜವಾಗಿದೆ.

ಹಾಗಾದರೆ ಪದ್ಧತಿ ನಿಜವಾಗಿ ಹೇಗೆ ಹುಟ್ಟಿತು?

ಒಪ್ಪಿತವಾದ ಒಂದೇ ಉತ್ತರವಿಲ್ಲ. ಮಾನವ ಸಮಾಜಗಳೆಲ್ಲ ಮೊದಲು ಮಾತೃಹಕ್ಕಿನ ಹಂತದಲ್ಲಿದ್ದು ಅನಂತರ ಪಿತೃಹಕ್ಕಿನ ಹಂತಕ್ಕೆ ಬಂದವು ಎಂದು 1861ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಬಾಖೋಫೆನ್ ಮಂಡಿಸಿದ ವಾದ ಬಹುಕಾಲ ಪ್ರಭಾವಶಾಲಿಯಾಗಿತ್ತು. ಅದಕ್ಕೆ ಆಧಾರವಿಲ್ಲವೆಂದು ಇಪ್ಪತ್ತನೆಯ ಶತಮಾನದ ಮಾನವಶಾಸ್ತ್ರ ಕೈಬಿಟ್ಟಿತು. ಅಳಿಯಸಂತಾನವನ್ನು ಹಿಂದುಳಿದ ಹಂತದ ಅವಶೇಷವೆಂದು ಬಣ್ಣಿಸುವ ಬರಹಗಳು ಆ ಹಳೆಯ ವಾದದ ನೆರಳಿನಲ್ಲಿ ನಿಂತಿವೆ, ಮತ್ತು ಅವನ್ನು ಇಂದು ಪಾಠವಾಗಿ ಹೇಳಬಾರದು.

ಕೊಡವರೂ ಮಾತೃವಂಶೀಯರೇ?

ಅಲ್ಲ. ನೆರೆಯ ಕೊಡಗಿನ ಒಕ್ಕ ಪಿತೃವಂಶೀಯ ಗುಂಪು. ಒಂದು ಐನ್‌ಮನೆಗೆ ಸೇರಿದ, ಒಂದೇ ಮೂಲಪುರುಷನಿಂದ ಗಂಡುಗೆರೆಯಲ್ಲಿ ಬಂದವರು ಒಂದು ಒಕ್ಕ. ಅದರ ಹಿರಿಯನು ಪಟ್ಟೇದಾರ. ಆದರೆ ಗಂಡುಸಂತಾನವಿಲ್ಲದೆ ಒಕ್ಕ ಅಳಿಯುವ ಸಂದರ್ಭ ಬಂದಾಗ ಕೊಡವರ ರೂಢಿ ಎರಡು ವಿಶೇಷ ಮದುವೆಗಳಿಗೆ ಅವಕಾಶ ಕೊಟ್ಟಿತು. ಒಕ್ಕಪರಿಜೆಯಲ್ಲಿ ಗಂಡನು ತನ್ನ ಒಕ್ಕದ ಹಕ್ಕನ್ನು ಬಿಟ್ಟು ಹೆಂಡತಿಯ ಒಕ್ಕಕ್ಕೆ ಸೇರುತ್ತಿದ್ದ. ಮಕ್ಕಪರಿಜೆಯಲ್ಲಿ ಅವನು ತನ್ನ ಒಕ್ಕದಲ್ಲಿಯೇ ಉಳಿದು, ಹುಟ್ಟಿದ ಮಕ್ಕಳು ಮಾತ್ರ ತಾಯಿಯ ಒಕ್ಕಕ್ಕೆ ಸೇರುತ್ತಿದ್ದರು. ಬಯಲುಸೀಮೆಯ ಮನೆ ಅಳಿಯತನವೂ ಇಂತಹದೇ ಅಗತ್ಯದಿಂದ ಹುಟ್ಟಿದ್ದು. ಪಿತೃವಂಶೀಯ ಪದ್ಧತಿಗಳೂ ಇಕ್ಕಟ್ಟಿನಲ್ಲಿ ಮಗಳ ಮೂಲಕವೇ ವಂಶವನ್ನು ಉಳಿಸಿಕೊಂಡಿವೆ.

ಇಂದು ಅಳಿಯಸಂತಾನದ ಆಸ್ತಿ ನಿಯಮ ಜಾರಿಯಲ್ಲಿದೆಯೇ?

ಹಳೆಯ ರೂಪದಲ್ಲಿ ಇಲ್ಲ. ಬದಲಾವಣೆ ಒಂದೇ ಏಟಿಗೆ ಆಗಲಿಲ್ಲ, ಹಂತಹಂತವಾಗಿ ಆಯಿತು. ಮೊದಲು, ಕುಟುಂಬದ ಎಲ್ಲ ಸದಸ್ಯರೂ ಒಪ್ಪದ ಹೊರತು ಯಾರೂ ಆಸ್ತಿಯ ಪಾಲನ್ನು ಕೇಳುವಂತಿಲ್ಲ ಎಂಬುದು ಮದ್ರಾಸಿನ ನ್ಯಾಯಾಲಯಗಳು ಹತ್ತೊಂಬತ್ತನೆಯ ಶತಮಾನದಿಂದ ಎತ್ತಿಹಿಡಿದ ನಿಯಮವಾಗಿತ್ತು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಈ ಬಾಗಿಲನ್ನು ತೆರೆಯಿತು. ಒಂದು ಕವರಿನ ವಯಸ್ಕ ಸದಸ್ಯರಲ್ಲಿ ಬಹುಮತವಿದ್ದರೆ ಆ ಕವರು ತನ್ನ ಪಾಲನ್ನು ಕೇಳಬಹುದಾಯಿತು. 50 ವರ್ಷ ತುಂಬದ ಒಬ್ಬ ಹೆಂಗಸಾದರೂ ಇರುವ ಕವರನ್ನು ಸಂತತಿ ಕವರು ಎಂದೂ ಉಳಿದವನ್ನು ನಿಸ್ಸಂತತಿ ಕವರು ಎಂದೂ ಕಾಯಿದೆ ವಿಂಗಡಿಸಿತು. ಕುಟುಂಬದಲ್ಲಿ ಸಂತತಿ ಕವರು ಇದ್ದಾಗ ನಿಸ್ಸಂತತಿ ಕವರಿಗೆ ಸಿಗುವ ಪಾಲು ಜೀವಿತಕಾಲದ ಅನುಭೋಗಕ್ಕೆ ಮಾತ್ರ. ಮುಂದೆ ಮಕ್ಕಳನ್ನು ಹೆರಬಲ್ಲ ಹೆಂಗಸಿದ್ದಲ್ಲಿ ಮಾತ್ರ ಕುಟುಂಬ ಮುಂದುವರಿಯುತ್ತದೆ ಎಂಬ ಹಳೆಯ ಕಲ್ಪನೆ ಈ ಆಧುನಿಕ ಕಾಯಿದೆಯ ಕಲಮುಗಳಲ್ಲಿಯೂ ಉಳಿದುಕೊಂಡಿರುವುದು ಗಮನಾರ್ಹ.

ನಿರ್ಣಾಯಕ ಬದಲಾವಣೆ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಅದರ 7ನೆಯ ಕಲಮಿನ ಪ್ರಕಾರ ಅಳಿಯಸಂತಾನಕ್ಕೆ ಒಳಪಟ್ಟ ವ್ಯಕ್ತಿ ತೀರಿಕೊಂಡಾಗ ಕುಟುಂಬದ ಅಥವಾ ಕವರಿನ ಆಸ್ತಿಯಲ್ಲಿ ಅವನ ಅಥವಾ ಅವಳ ಅವಿಭಕ್ತ ಹಿತಾಸಕ್ತಿಯು ಕುಟುಂಬದಲ್ಲಿಯೇ ಉಳಿಯದೆ, ಉಯಿಲಿನ ಮೂಲಕ ಅಥವಾ ಆ ಕಾಯಿದೆಯಲ್ಲಿ ಹೇಳಿದ ವಾರಸುದಾರರಿಗೆ ಹೋಗುತ್ತದೆ. ಅಲ್ಲಿಗೆ ಗಂಡಸಿನ ಪಾಲು ಅವನ ಹೆಂಡತಿ ಮಕ್ಕಳಿಗೆ ಹೋಗುವ ದಾರಿ ತೆರೆಯಿತು. 17ನೆಯ ಕಲಮು ಮರುಮಕ್ಕತ್ತಾಯ (ಕೇರಳದ ಮಾತೃವಂಶೀಯ ಪದ್ಧತಿ) ಮತ್ತು ಅಳಿಯಸಂತಾನದವರಿಗಾಗಿ ಉತ್ತರಾಧಿಕಾರದ ಕೆಲವು ನಿಯಮಗಳನ್ನು ಮಾರ್ಪಡಿಸಿತು. ಅದೇ ವರ್ಷ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ಕೇರಳದಲ್ಲಿ 1975ರ ಕಾಯಿದೆ ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಮಾಡಿದ್ದರಿಂದ ಗಡಿಯ ಆಚೆಗಿನ ಮತ್ತು ಈಚೆಗಿನ ಬಂಧುಗಳಿಗೆ ಬೇರೆ ಬೇರೆ ಕಾನೂನುಗಳು ಅನ್ವಯವಾದವು. ಕರ್ನಾಟಕದಲ್ಲಿ 1974ರ ಭೂಸುಧಾರಣೆ ಗೇಣಿಭೂಮಿಯನ್ನು ಉಳುವವರಿಗೆ ಕೊಟ್ಟಾಗ ದೊಡ್ಡ ಕುಟುಂಬಗಳ ಆರ್ಥಿಕ ಬುನಾದಿಯೂ ಸಡಿಲಗೊಂಡಿತು. ಗೇಣಿದಾರರಾಗಿ ದುಡಿದ ಬಹಳಷ್ಟು ಮಂದಿಯೂ ಅಳಿಯಕಟ್ಟಿನವರೇ ಆಗಿದ್ದರು; ಅವರಿಗೆ ಅದು ಬಹುಕಾಲದಿಂದ ಬರಬೇಕಾಗಿದ್ದ ನ್ಯಾಯವಾಗಿತ್ತು.

ಹಳೆಯ ಪಾಲುಪಟ್ಟಿಗಳಿಗೆ ಸಂಬಂಧಿಸಿದ ವ್ಯಾಜ್ಯಗಳಲ್ಲಿ ಪಾಲು ಯಾವ ವರ್ಷ ಆಯಿತು, ಆಗ ಕವರು ಯಾವ ಬಗೆಯದಾಗಿತ್ತು, ಸದಸ್ಯರು ಯಾವಾಗ ತೀರಿಕೊಂಡರು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅಂತಹ ದಾಖಲೆಗಳನ್ನು ವಕೀಲರಿಗೆ ತೋರಿಸಿ ಮುಂದುವರಿಯಬೇಕು.

ಆಸ್ತಿಯ ನಿಯಮ ಹೋದ ಮೇಲೆ ಏನು ಉಳಿದಿದೆ?

ಬಹಳ ಉಳಿದಿದೆ. ಮದುವೆಯ ಮಾತುಕತೆಯಲ್ಲಿ ಇಂದಿಗೂ ಬಳಿಯನ್ನು ಕೇಳುತ್ತಾರೆ. ಕುಟುಂಬದ ಮನೆಯ ದೈವಗಳಿಗೆ ತಂಬಿಲ, ನೇಮಗಳು ನಡೆಯುವಾಗ ಊರೂರುಗಳಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ನೆಲೆಸಿದವರು ತಾಯಿಯ ಕಡೆಯ ಮನೆಗೆ ಬಂದು ಸೇರುತ್ತಾರೆ. ಖರ್ಚಿಗೆ ವಂತಿಗೆ ಹಾಕುವುದೂ ಹೆಣ್ಣಿನ ಗೆರೆಯ ಸದಸ್ಯತ್ವದ ಲೆಕ್ಕದಲ್ಲಿಯೇ. ಗುತ್ತಿನ ಮನೆಗಳಲ್ಲಿ ಗಡಿ ಹಿಡಿಯುವ, ಅಂದರೆ ಮನೆತನದ ಮುಖ್ಯಸ್ಥನ ಪಟ್ಟ ಸ್ವೀಕರಿಸುವ, ವಿಧಿ ಅಳಿಯನಿಗೇ ನಡೆಯುತ್ತದೆ. ಪಾಲಾಗಿ ಹೋದ ಆಸ್ತಿಯ ನಡುವೆ ದೈವದ ಚಾವಡಿಯೊಂದನ್ನು ಮಾತ್ರ ಪಾಲು ಮಾಡದೆ ಎಲ್ಲರ ಹೆಸರಿನಲ್ಲಿ ಉಳಿಸಿಕೊಂಡ ಕುಟುಂಬಗಳು ಹಲವು.

ಹೆಸರಿನ ವಿಷಯದಲ್ಲಿ ತೊಡಕು ಹುಟ್ಟಿದೆ. ಶಾಲೆಯ ದಾಖಲೆ ಮುಂತಾದವುಗಳಲ್ಲಿ ಸಾಮಾನ್ಯವಾಗಿ ತಂದೆಯ ಉಪನಾಮವನ್ನು ಬರೆಸುತ್ತಾರೆ. ತಂದೆಯ ಬಳಿಯೇ ಅವನ ಉಪನಾಮವಾಗಿರುವ ಸಮುದಾಯಗಳಲ್ಲಿ ಮಗು ದಾಖಲೆಯ ಪ್ರಕಾರ ಒಂದು ಬಳಿಯ ಹೆಸರನ್ನೂ ರೂಢಿಯ ಪ್ರಕಾರ ಇನ್ನೊಂದು ಬಳಿಯನ್ನೂ ಹೊತ್ತುಕೊಳ್ಳುತ್ತದೆ. ಒಂದೆರಡು ಪೀಳಿಗೆ ಕಳೆದರೆ ಮನೆಯವರಿಗೇ ಗೊಂದಲವಾಗಬಹುದಾದ್ದರಿಂದ, ತಾಯಿಯ ಬಳಿ ಯಾವುದೆಂದು ಮಕ್ಕಳಿಗೆ ತಿಳಿಸಿ ಬರೆದಿಡುವುದು ಹಿರಿಯರ ಕರ್ತವ್ಯ.

ನನ್ನ ಮನೆತನದ ವಂಶಾವಳಿಯನ್ನು ಸಮಾಜಶಾಸ್ತ್ರದ ಕ್ರಮದಲ್ಲಿ ಬರೆಯುವುದು ಹೇಗೆ?

ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ, ಒಡಹುಟ್ಟಿದವರಿಗೆ ಅಡ್ಡಗೆರೆ, ಮಕ್ಕಳಿಗೆ ಕೆಳಗಿಳಿಯುವ ಗೆರೆ, ತೀರಿಕೊಂಡವರ ಚಿಹ್ನೆಯ ಮೇಲೆ ಒಂದು ಓರೆಗೆರೆ. ವಂಶಾವಳಿಯನ್ನು ಸಂಗ್ರಹಿಸುವ ಈ ವಿಧಾನಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ಮುಂದೆ ತೋಡರನ್ನೂ ಅಧ್ಯಯನ ಮಾಡಿದ ಡಬ್ಲ್ಯು. ಎಚ್. ಆರ್. ರಿವರ್ಸ್. ಅವರ ಎಚ್ಚರಿಕೆಯೊಂದು ನಮಗೆ ವಿಶೇಷವಾಗಿ ಅನ್ವಯಿಸುತ್ತದೆ: ಬಂಧುವಾಚಕವನ್ನು ನಂಬಬೇಡಿ, ವ್ಯಕ್ತಿಯ ಹೆಸರನ್ನು ಕೇಳಿ. ಅಜ್ಜಿ ಅಣ್ಣ ಎಂದು ಹೇಳಿದವನು ಒಡಹುಟ್ಟಿದವನೋ, ದೊಡ್ಡಮ್ಮನ ಮಗನೋ, ದೊಡ್ಡಪ್ಪನ ಮಗನೋ ಎಂದು ಬಿಡಿಸಿ ಕೇಳದಿದ್ದರೆ ಅಳಿಯಸಂತಾನದ ಕುಟುಂಬದಲ್ಲಿ ಬಳಿಯೇ ತಪ್ಪಿಹೋಗುತ್ತದೆ, ಏಕೆಂದರೆ ದೊಡ್ಡಮ್ಮನ ಮಗ ಅದೇ ಬಳಿಯವನು, ದೊಡ್ಡಪ್ಪನ ಮಗ ಸಾಮಾನ್ಯವಾಗಿ ಅಲ್ಲ.

ಪ್ರತಿಯೊಬ್ಬರ ಹೆಸರಿನ ಜೊತೆಗೆ ಬಳಿ ಅಥವಾ ಗೋತ್ರ, ಹುಟ್ಟಿದ ಊರು, ಮದುವೆಯ ನಂತರ ವಾಸಿಸಿದ ಮನೆ, ಸೂತಕ ಆಚರಿಸಿದ್ದು ಯಾರ ಕಡೆಯಿಂದ ಎಂಬುದನ್ನು ಪ್ರತ್ಯೇಕವಾಗಿ ಬರೆದುಕೊಳ್ಳಿ. ಪಿತೃವಂಶೀಯ ಮನೆಗಳ ಹಳೆಯ ವಂಶವೃಕ್ಷಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನೂ, ಅಳಿಯಸಂತಾನದ ಮನೆಗಳ ಪಟ್ಟಿಗಳಲ್ಲಿ ಗಂಡಸರ ಮಕ್ಕಳ ಹೆಸರನ್ನೂ ಬಿಟ್ಟಿರುತ್ತಾರೆ. ಎಳವೆಯಲ್ಲಿ ತೀರಿಕೊಂಡವರನ್ನೂ ಮದುವೆಯಾಗದೆ ಉಳಿದವರನ್ನೂ ಎರಡೂ ಕಡೆ ಬಿಟ್ಟಿರುತ್ತಾರೆ. ಅವರೆಲ್ಲರ ಹೆಸರುಗಳನ್ನು ಮನೆಯ ಹಿರಿಯ ಹೆಂಗಸರಿಂದ ಕೇಳಿ ತುಂಬಿಸಿದ ಮೇಲೆಯೇ ಪಟ್ಟಿ ಪೂರ್ತಿಯಾಗುತ್ತದೆ.